ಕರಾರಿನ ಎಲ್ಲೆ, ಮಾತಿನ ಎಲ್ಲೆ

ವ್ಯಾಪಾರವು ವಿಶ್ವಾಸದ ಮೇಲೆ ನಿಂತಿದೆಯೆಂದು ಹೇಳುವುದು ವಾಡಿಕೆ. ಆದರೆ ವ್ಯಾಪಾರಿಗಳು ವಿಶ್ವಾಸವೊಂದನ್ನೇ ನೆಚ್ಚಿ ಕುಳಿತವರಲ್ಲ. ಅವರು ಕರಾರುಪತ್ರ ಬರೆಯಿಸುತ್ತಾರೆ, ಸ್ಟಾಂಪ್ ಕಾಗದಕ್ಕೆ ಸಹಿ ಹಾಕುತ್ತಾರೆ, ಸಾಕ್ಷಿಗಳನ್ನು ನಿಲ್ಲಿಸುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಮನುಷ್ಯನ ನೆನಪು ಮಾಸುವಂಥದು. ಲಾಭ ಕಂಡ ಕಡೆಗೆ ಮನಸ್ಸು ವಾಲುವಂಥದು. ಆದುದರಿಂದ ಬರೆದಿಟ್ಟ ಮಾತು ಇಬ್ಬರನ್ನೂ ಕಾಯುತ್ತದೆ. ಪ್ರಶ್ನೆ ಏಳುವುದು ಅದರ ಮುಂದಿನ ಹೆಜ್ಜೆಯಲ್ಲಿ. ಕರಾರಿನಲ್ಲಿ ಬರೆದ ಹಕ್ಕನ್ನು ಬರೆದಂತೆಯೇ ಚಲಾಯಿಸಿದವನು ತನ್ನ ಕರ್ತವ್ಯವನ್ನೆಲ್ಲ ಮಾಡಿ ಮುಗಿಸಿದಂತಾಯಿತೇ? ಕಾಗದ ಅನುಮತಿಸಿದ ಮಾತ್ರಕ್ಕೆ ಕಾರ್ಯವು ನಿರ್ದೋಷವಾಗುವುದೇ? ವ್ರತನಿಯಮಗಳ ವಿಚಾರದಲ್ಲಿ ಆಸಕ್ತರಾದವರಿಗೆ ಈ ಪ್ರಶ್ನೆ ಹೊರಗಿನದಲ್ಲ. ತನ್ನನ್ನು ತಾನೇ ಒಂದು ಮಾತಿಗೆ ಕಟ್ಟಿಕೊಳ್ಳುವುದು ವ್ರತದಲ್ಲಿಯೂ ಉಂಟು, ಕರಾರಿನಲ್ಲಿಯೂ ಉಂಟು. ಇವೆರಡರ ನಡುವಣ ಅಂತರವೆಷ್ಟೆಂಬುದನ್ನು ಅಂಗಡಿಯ ಮೆಟ್ಟಿಲ ಮೇಲೆಯೇ ನಿಂತು ನೋಡುವುದು ಉಚಿತ.

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ಹೆದ್ದಾರಿಯ ಮೇಲೆ ಸಾಲಾಗಿ ಬರುವ ಊರುಗಳು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದು ಬಂದ ಮೇಲೆ ಸಿಂಧನೂರು ಸೀಮೆ ಭತ್ತದ ಕಣಜವಾಯಿತು. ಅಕ್ಕಿಗಿರಣಿಗಳು, ಗೊಬ್ಬರದ ಅಂಗಡಿಗಳು, ಟ್ರ್ಯಾಕ್ಟರಿನ ಮಳಿಗೆಗಳು ನೀರಿನ ಬೆನ್ನಿಗೇ ಬಂದವು. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿಯಿದೆ. ಇವೆರಡರ ನಡುವಿನ ಮಸ್ಕಿಯ ಹೆಸರನ್ನು ಇತಿಹಾಸವನ್ನೋದಿದವರೆಲ್ಲರೂ ಬಲ್ಲರು. 1915ನೆಯ ಇಸವಿಯಲ್ಲಿ ಗಣಿ ಇಂಜಿನಿಯರ್ ಬೀಡನ್ ಎಂಬವರು ಅಲ್ಲಿಯ ಬಂಡೆಯ ಮೇಲೆ ಕಂಡ ಶಾಸನದಲ್ಲಿ ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನ ಸ್ವಂತ ಹೆಸರೂ ಇದ್ದಿತು; ಆ ಬಿರುದು ಯಾರದೆಂಬ ವಿದ್ವಾಂಸರ ಸಂಶಯ ಅಲ್ಲಿಗೆ ತೀರಿತು. ಧರ್ಮದಲ್ಲಿ ನಿರತನಾದರೆ ಸಾಮಾನ್ಯನೂ ಶ್ರೇಯಸ್ಸನ್ನು ಪಡೆಯಬಲ್ಲನು, ಅದು ದೊಡ್ಡವರಿಗೆ ಮಾತ್ರ ಮೀಸಲೆಂದು ತಿಳಿಯಬಾರದು ಎಂಬುದು ಆ ಶಾಸನದ ಒಂದು ತಾತ್ಪರ್ಯ.

ಭತ್ತದ ಹಣ, ಗಣಿಯ ಸಂಬಳ ಇವೆರಡೂ ಓಡಾಡುವ ಈ ಸೀಮೆಗೆ ಮೋಟಾರು ಕಾರಿನ ವ್ಯಾಪಾರವೂ ಬಂದುದು ಸಹಜ. ಕಾರು ತಯಾರಿಸುವ ಕಂಪನಿಯು ಜಿಲ್ಲಾಕೇಂದ್ರದಲ್ಲಿಯೋ ಸಮೀಪದ ದೊಡ್ಡ ನಗರದಲ್ಲಿಯೋ ಒಬ್ಬ ಅಧಿಕೃತ ವಿತರಕನನ್ನು ಇಟ್ಟಿರುತ್ತದೆ. ತಾಲ್ಲೂಕಿನ ಊರುಗಳಲ್ಲಿ ಕಾಲೂರಲು ಆ ವಿತರಕನಿಗೆ ಅಲ್ಲಿಯವನೇ ಆದ ಒಬ್ಬ ಏಜೆಂಟನು ಬೇಕು. ಯಾವ ಗಿರಣಿಯ ಯಜಮಾನ ಯಾವ ತಿಂಗಳಲ್ಲಿ ಹಣ ಹೊಂದಿಸಬಲ್ಲನು, ಯಾವ ರೈತನಿಗೆ ಸುಗ್ಗಿಯ ತನಕ ಕಾಯಬೇಕು, ಯಾವ ಮನೆಯಲ್ಲಿ ಹಿರಿಯರ ಮಾತು ನಡೆಯುತ್ತದೆ, ಯಾವ ಮನೆಯಲ್ಲಿ ಮಗನ ಮಾತು ನಡೆಯುತ್ತದೆ ಎಂಬುದನ್ನು ದೂರದ ವಿತರಕ ತಿಳಿಯಲಾರ. ಆ ತಿಳುವಳಿಕೆಯೇ ಏಜೆಂಟನ ಬಂಡವಾಳ.

ವಿಚಾರದ ಸೌಕರ್ಯಕ್ಕಾಗಿ ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಇದು ಯಾವ ಒಬ್ಬರ ಕಥೆಯೂ ಅಲ್ಲ. ಇಂಥ ವ್ಯಾಜ್ಯಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಅಂಶಗಳನ್ನು ಒಂದೆಡೆ ಕೂಡಿಸಿದುದು ಮಾತ್ರ. ಸಿಂಧನೂರಿನ ಒಬ್ಬನನ್ನು ವಿತರಕನು ಏಜೆಂಟನನ್ನಾಗಿ ನೇಮಿಸಿದನು. ಸಿಂಧನೂರು ಮತ್ತು ಲಿಂಗಸುಗೂರು ತಾಲ್ಲೂಕುಗಳು ಅವನ ಕ್ಷೇತ್ರವೆಂದು ಕರಾರಿನಲ್ಲಿ ಬರೆಯಲಾಯಿತು. ಅವನು ಠೇವಣಿ ಕಟ್ಟಿದನು, ಹೆದ್ದಾರಿಯ ಪಕ್ಕದಲ್ಲಿ ದೊಡ್ಡ ಬಾಡಿಗೆಗೆ ಷೋರೂಮು ಹಿಡಿದನು, ನಾಲ್ಕು ಜನ ಮೆಕ್ಯಾನಿಕರನ್ನು ತರಬೇತಿಗೆ ಕಳುಹಿಸಿದನು. ಯಾರೂ ಹೆಸರು ಕೇಳಿರದ ಗಾಡಿಯನ್ನು ಏಳು ವರ್ಷಗಳಲ್ಲಿ ಆ ಸೀಮೆಯ ಮನೆಮಾತು ಮಾಡಿದನು. ಎಂಟನೆಯ ವರ್ಷ ವಿತರಕನು ಸಿಂಧನೂರಿನಲ್ಲಿ ತನ್ನದೇ ಶಾಖೆಯನ್ನು ತೆರೆಯಲು ನಿಶ್ಚಯಿಸಿ ಮೂವತ್ತು ದಿನಗಳ ನೋಟೀಸು ಕಳುಹಿಸಿದನು. ಮಸ್ಕಿಯ ವ್ಯಾಪಾರವನ್ನಂತೂ ಅದಕ್ಕೆ ಮೊದಲೇ ಕಸಿದುಕೊಂಡಿದ್ದನು. ಕರಾರು ಬರೆದಾಗ ಮಸ್ಕಿಯು ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಊರು. 2018ರ ಸುಮಾರಿಗೆ ಅದು ಪ್ರತ್ಯೇಕ ತಾಲ್ಲೂಕಾಯಿತು. ಕರಾರಿನಲ್ಲಿ ಮಸ್ಕಿ ತಾಲ್ಲೂಕೆಂಬ ಹೆಸರಿಲ್ಲವಷ್ಟೆ, ಎಂಬುದು ಅವನ ವಾದ. ಇತ್ತ ಏಜೆಂಟನೂ ಸುಮ್ಮನಿದ್ದವನಲ್ಲ. ಗಂಗಾವತಿ, ಮಾನ್ವಿ ಕಡೆಯ ಗಿರಾಕಿಗಳಿಗೆ ತನ್ನ ಎಲ್ಲೆಯನ್ನು ಮೀರಿ ಗಾಡಿ ಕೊಟ್ಟಿದ್ದನು. ನೋಟೀಸು ಬಂದ ದಿನ ಹಲವು ಗಿರಾಕಿಗಳ ಮುಂಗಡ ಹಣವು ಅವನ ಕೈಯಲ್ಲಿಯೇ ಇದ್ದಿತು. ಮೊದಲು ಮಾತು ಮುರಿದವನು ಅವನೇ ಎಂದು ಇಬ್ಬರೂ ಒಬ್ಬರನ್ನೊಬ್ಬರು ದೂರಿದರು.

ಕಾನೂನು ಇಂಥಲ್ಲಿ ಏನು ಹೇಳುತ್ತದೆಂಬುದನ್ನು ಮೊದಲು ತಿಳಿಯಬೇಕು. 1872ನೆಯ ಇಸವಿಯ ಭಾರತೀಯ ಕರಾರು ಅಧಿನಿಯಮವು ಇಂದಿಗೂ ಇಂಥ ವ್ಯವಹಾರಗಳಿಗೆ ಆಧಾರ. ಏಜೆಂಟನೆಂದರೆ ಮತ್ತೊಬ್ಬನ ಪರವಾಗಿ ಕಾರ್ಯಮಾಡಲು, ಮೂರನೆಯವರೊಡನೆ ವ್ಯವಹರಿಸುವಾಗ ಅವನನ್ನು ಪ್ರತಿನಿಧಿಸಲು ನಿಯುಕ್ತನಾದವನು ಎಂದು ಅದರ 182ನೆಯ ಕಲಮು ಹೇಳುತ್ತದೆ. ಇಂತಿಷ್ಟು ಕಾಲ ನಡೆಯತಕ್ಕದ್ದೆಂದು ಒಪ್ಪಿದ ಏಜೆನ್ಸಿಯನ್ನು ಸಾಕಷ್ಟು ಕಾರಣವಿಲ್ಲದೆ ಅವಧಿಗೆ ಮುಂಚೆ ಮುರಿದವನು ನಷ್ಟ ತುಂಬಿಕೊಡಬೇಕೆಂದು 205ನೆಯ ಕಲಮು, ಯುಕ್ತವಾದ ನೋಟೀಸು ಕೊಡಬೇಕೆಂದು 206ನೆಯ ಕಲಮು ವಿಧಿಸುತ್ತವೆ. ಈ ಎರಡು ವಿಧಿಗಳೂ ಇಬ್ಬರಿಗೂ ಸಮಾನ. ಯಜಮಾನನು ಏಜೆಂಟನನ್ನು ಬಿಟ್ಟರೂ ಸರಿ, ಏಜೆಂಟನು ಯಜಮಾನನನ್ನು ಬಿಟ್ಟರೂ ಸರಿ.

ಆದರೆ ವ್ಯಾಪಾರದ ರೂಢಿಯಲ್ಲಿ ಏಜೆಂಟನೆಂದು ಕರೆಯಲ್ಪಡುವ ಎಲ್ಲರೂ ಕಾನೂನಿನ ದೃಷ್ಟಿಯಲ್ಲಿ ಏಜೆಂಟರಲ್ಲ. ಗಾಡಿಯನ್ನು ತನ್ನ ಹಣದಿಂದ ಕೊಂಡು ತನ್ನ ಹೊಣೆಯಲ್ಲಿ ಮಾರುವವನು ಬರಿಯ ವ್ಯಾಪಾರಿ. ಇನ್ನೊಬ್ಬನ ಸರಕನ್ನು ಅವನ ಪರವಾಗಿ ಮಾರಿ ಕಮಿಷನ್ ಪಡೆಯುವವನು ಏಜೆಂಟ. ಹೆಸರು ಯಾವುದಿದ್ದರೂ ವ್ಯವಹಾರದ ಸ್ವರೂಪವನ್ನು ನೋಡಿಯೇ ನ್ಯಾಯಾಲಯಗಳು ತೀರ್ಮಾನಿಸುತ್ತವೆ. ನೀತಿಯ ಒಂದು ಸೂಕ್ಷ್ಮ ಇಲ್ಲಿಯೇ ಅಡಗಿದೆ. ನಷ್ಟ ಬಂದಾಗ, ಸರಕು ಉಳಿದಾಗ “ನೀನು ಕೊಂಡವನು, ಹೊಣೆ ನಿನ್ನದು” ಎನ್ನುವುದು. ಊರಿನಲ್ಲಿ ಹೆಸರು ಬೆಳೆದಾಗ “ನೀನು ಏಜೆಂಟ, ಹೆಸರು ನಮ್ಮದು” ಎನ್ನುವುದು. ಒಂದೇ ಮನುಷ್ಯನನ್ನು ದಿನಕ್ಕೊಂದು ಹೆಸರಿನಿಂದ ಕರೆಯುವ ಈ ಜಾಣತನದಲ್ಲಿ ಸುಳ್ಳು ಮಾತು ಒಂದೂ ಇಲ್ಲದಿರಬಹುದು. ಆದರೂ ಸತ್ಯ ಅಲ್ಲಿ ಉಳಿಯುವುದಿಲ್ಲ.

ಕರಾರಿನಲ್ಲಿಯೇ ಮೂವತ್ತು ದಿನಗಳ ನೋಟೀಸಿನ ಷರತ್ತು ಇದ್ದರೆ ನ್ಯಾಯಾಲಯದಿಂದ ಏನನ್ನು ನಿರೀಕ್ಷಿಸಬಹುದೆಂಬುದಕ್ಕೆ ಒಂದು ಪ್ರಸಿದ್ಧ ತೀರ್ಪು ಇದೆ. ಇಂಡಿಯನ್ ಆಯಿಲ್ ಕಾರ್ಪೊರೇಷನ್ ಸಂಸ್ಥೆಯು ಅಮೃತಸರದ ಒಂದು ಅಡುಗೆ ಅನಿಲದ ಏಜೆನ್ಸಿಯೊಡನೆ 1976ರಲ್ಲಿ ಮಾಡಿಕೊಂಡಿದ್ದ ಒಪ್ಪಂದವನ್ನು 1983ರಲ್ಲಿ ರದ್ದುಪಡಿಸಿತು. ರದ್ದತಿ ಸಮರ್ಥನೀಯವಲ್ಲವೆಂದು ಕಂಡ ಮಧ್ಯಸ್ಥಗಾರನು ಏಜೆನ್ಸಿಯನ್ನು ಮರಳಿ ಕೊಡಿಸಿದನು. ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಇಬ್ಬರಲ್ಲಿ ಯಾರಾದರೂ ಮೂವತ್ತು ದಿನಗಳ ನೋಟೀಸಿನಿಂದ ಮುಗಿಸಬಹುದಾದ ಒಪ್ಪಂದವಿದು. ಸ್ವಭಾವದಿಂದಲೇ ಮುಗಿಸಬಹುದಾದ ಕರಾರನ್ನು ಬಲವಂತವಾಗಿ ನಡೆಯಿಸಲು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮವು ಬಿಡದು. ಆದುದರಿಂದ ರದ್ದತಿ ತಪ್ಪಾಗಿದ್ದರೂ ಆ ಮೂವತ್ತು ದಿನಗಳ ಗಳಿಕೆಯಷ್ಟೇ ಪರಿಹಾರವಾಗಿ ದೊರೆಯತಕ್ಕದ್ದು. ಇದು 1991ರ ವರದಿಗಳಲ್ಲಿ ಪ್ರಕಟವಾದ ಆ ತೀರ್ಪಿನ ಸಾರ. ಮಾರುತಿ ಉದ್ಯೋಗ್ ಕಂಪನಿಗೂ ದೆಹಲಿಯ ಅದರ ಒಂದು ಡೀಲರ್ ಸಂಸ್ಥೆಗೂ ನಡೆದು 1997ರಲ್ಲಿ ವರದಿಯಾದ ವ್ಯಾಜ್ಯದಲ್ಲಿ ದೆಹಲಿ ಹೈಕೋರ್ಟು ಇದೇ ಜಾಡಿನಲ್ಲಿ ನಡೆಯಿತು. ಷರತ್ತು ಇದ್ದ ಮೇಲೆ ಖಾಸಗಿ ವಾಣಿಜ್ಯದ ಕರಾರನ್ನು ಕಾರಣ ಹೇಳದೆಯೂ ಮುಗಿಸಬಹುದು. ಒಲ್ಲದ ಇಬ್ಬರನ್ನು ಒಟ್ಟಿಗೆ ವ್ಯಾಪಾರ ಮಾಡಿರೆಂದು ನ್ಯಾಯಾಲಯ ಕಟ್ಟಿಹಾಕಲಾರದು.

ಇದರಿಂದ ನ್ಯಾಯಾಲಯಗಳು ನಿರ್ದಯವೆಂದು ತಿಳಿಯುವುದು ಸರಿಯಲ್ಲ. ನಿತ್ಯವೂ ಪರಸ್ಪರ ಸಹಕಾರ ಬೇಕಾದ ಕೆಲಸವನ್ನು ಆಜ್ಞೆಯಿಂದ ನಡೆಯಿಸುವುದು ಯಾವ ನ್ಯಾಯಾಧೀಶನಿಗೂ ಸಾಧ್ಯವಿಲ್ಲ. ಕಾನೂನು ತನ್ನ ಕೈಗೆ ಎಟಕುವಷ್ಟನ್ನು ಅಳೆಯುತ್ತದೆ, ಅಳೆಯಲಾಗದುದನ್ನು ಬಿಟ್ಟುಬಿಡುತ್ತದೆ. ಬಿಟ್ಟುದನ್ನು ಇಲ್ಲವೆಂದು ಭಾವಿಸುವುದು ವ್ಯಾಪಾರಿಯ ತಪ್ಪು. ಅದು ನ್ಯಾಯಾಧೀಶನ ತಪ್ಪಲ್ಲ.

ಈಗ ವಿತರಕನ ಪಕ್ಷದ ಮಾತನ್ನು ಪೂರ್ಣವಾಗಿ ಕೇಳಬೇಕು. ಅದರಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವಂತಿಲ್ಲ. ಏಜೆಂಟನು ಎಳೆಮಗುವಲ್ಲ. ಷರತ್ತನ್ನು ಓದಿಯೇ ಸಹಿ ಹಾಕಿದನು. ಏಳು ವರ್ಷ ಕಮಿಷನ್ ಪಡೆದನು. ಮೂವತ್ತು ದಿನಗಳಲ್ಲಿ ಬಿಟ್ಟುಹೋಗುವ ಸ್ವಾತಂತ್ರ್ಯ ಅವನಿಗೂ ಇದ್ದಿತು. ಬೇರೆ ಕಂಪನಿಯವರು ಹೆಚ್ಚಿನ ಕಮಿಷನ್ ತೋರಿಸಿ ಕರೆದಿದ್ದರೆ ಅವನೂ ಅದನ್ನೇ ಬಳಸುತ್ತಿದ್ದನು. ಬಿಡಿಸಿಕೊಳ್ಳಲಾಗದ ಕರಾರಿದ್ದರೆ ಹೊಸಬನನ್ನು ನೇಮಿಸಲು ಯಾರೂ ಧೈರ್ಯಮಾಡರು. ಎಂದೆಂದಿಗೂ ತೆಗೆಯಲಾಗದ ಏಜೆಂಟನು ಸೋಮಾರಿಯಾಗುವನು. ಅದರ ಹಾನಿ ಗಿರಾಕಿಗೇ. ಈ ವಾದವೆಲ್ಲ ನಿಜ. ಸಂಬಂಧವನ್ನು ಮುಗಿಸುವ ಹಕ್ಕನ್ನೇ ಅಧರ್ಮವೆನ್ನುವವರು ವ್ಯಾಪಾರವನ್ನು ಅರಿತವರಲ್ಲ.

ಆದರೆ ಈ ವಾದವು ಮುಗಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಕೊಡುತ್ತದೆಯೇ ಹೊರತು, ಹೇಗೆ ಮುಗಿಸಬೇಕೆಂಬ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ. ಮೂವತ್ತು ದಿನಗಳೆಂಬುದು ಕ್ಯಾಲೆಂಡರಿನ ಅಳತೆ. ಷೋರೂಮಿನ ಬಾಡಿಗೆಯ ಕರಾರು ಇನ್ನೂ ಎರಡು ವರ್ಷವಿರಬಹುದು. ಬ್ಯಾಂಕಿನ ಸಾಲಕ್ಕೆ ಇನ್ನೂ ಮೂರು ವರ್ಷವಿರಬಹುದು. ಆ ಸಾಲವನ್ನು ಮಾಡಿಸಿದವನು ಯಾರು? ಷೋರೂಮು ಇನ್ನೂ ದೊಡ್ಡದಾಗಲಿ, ಗಾಜಿನ ಗೋಡೆ ಬರಲಿ, ಕಂಪನಿಯ ಬಣ್ಣ ಬಳಿಯಲಿ ಎಂದು ಹೋದ ವರ್ಷವಷ್ಟೇ ಒತ್ತಾಯಿಸಿದ ವಿತರಕನು, ಈ ವರ್ಷ ಮೂವತ್ತು ದಿನಗಳ ಷರತ್ತನ್ನು ತೋರಿಸುವಾಗ ಹೋದ ವರ್ಷದ ತನ್ನ ಮಾತನ್ನು ಮರೆತಿರುತ್ತಾನೆ. ಆ ಮಾತು ಕರಾರಿನಲ್ಲಿಲ್ಲ. ಆದರೆ ಆ ಮಾತನ್ನು ನಂಬಿದವನು ಇದ್ದಾನೆ, ನಂಬಿ ಕಟ್ಟಿದ ಗೋಡೆಯೂ ಇದೆ. ಒಬ್ಬನು ತನ್ನನ್ನು ನಂಬಿ ಏನು ಕಟ್ಟಿದನೆಂಬುದನ್ನು ಕಾಣುತ್ತಿದ್ದು, ಬೇಡವೆನ್ನದೆ ಕಟ್ಟಗೊಟ್ಟವನಿಗೆ ಆ ಕಟ್ಟಡದ ಮೇಲೆ ಒಂದಿಷ್ಟು ಹೊಣೆಯುಂಟು.

ಶ್ರಾವಕಾಚಾರದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ನ್ಯಾಸಾಪಹಾರವೆಂಬ ಒಂದನ್ನು ಹೇಳಿದೆ. ಒಬ್ಬನು ಇಟ್ಟ ಒತ್ತೆಯ ಲೆಕ್ಕವನ್ನು ಅವನೇ ಮರೆತು ಕಡಿಮೆ ಕೇಳಿದಾಗ, “ಹೌದು, ಅಷ್ಟೇ” ಎಂದು ಒಪ್ಪಿ ಉಳಿದುದನ್ನು ಇಟ್ಟುಕೊಳ್ಳುವುದೇ ನ್ಯಾಸಾಪಹಾರ. ಈ ದೋಷವನ್ನು ಕಳ್ಳತನದ ಪಟ್ಟಿಯಲ್ಲಿಡದೆ ಸತ್ಯದ ಪಟ್ಟಿಯಲ್ಲಿಟ್ಟಿರುವುದು ಗಮನಾರ್ಹ. ಇಲ್ಲಿ ಯಾರೂ ಏನನ್ನೂ ಕಿತ್ತುಕೊಳ್ಳಲಿಲ್ಲ. ಕೇಳಿದಷ್ಟನ್ನು ಕೊಟ್ಟೂ ಆಯಿತು. ಆದರೂ ಒಪ್ಪಿಗೆಯ ಆ ಒಂದು ಮಾತಿನಿಂದಲೇ ಸತ್ಯಕ್ಕೆ ಭಂಗ ಬಂದಿತು.

ಏಜೆಂಟನು ವಿತರಕನಲ್ಲಿ ಇಟ್ಟಿರುವುದು ಠೇವಣಿಯ ಹಣವೊಂದನ್ನೇ ಅಲ್ಲ. ಏಳು ವರ್ಷಗಳಲ್ಲಿ ಅವನು ಕೂಡಿಹಾಕಿದ ಗಿರಾಕಿಗಳ ಹೆಸರು, ಊರು, ಯಾರ ಗಾಡಿ ಎಷ್ಟು ಓಡಿದೆ, ಯಾರು ಮುಂದಿನ ಸುಗ್ಗಿಗೆ ಹೊಸ ಗಾಡಿ ಕೊಳ್ಳುವರು ಎಂಬ ವಿವರಗಳೆಲ್ಲ ತಿಂಗಳು ತಿಂಗಳೂ ವಿತರಕನ ಕಚೇರಿಗೆ ಹೋಗಿ ಸೇರಿರುತ್ತವೆ. ವಿತರಕನು ಸ್ವಂತ ಶಾಖೆ ತೆರೆದ ದಿನವೇ ಆ ಪಟ್ಟಿಯಿಂದ ಟೆಲಿಫೋನು ಕರೆಗಳು ಆರಂಭವಾಗುತ್ತವೆ. ಏಜೆಂಟನು ಕೇಳುವುದು ಠೇವಣಿಯನ್ನು ಮಾತ್ರ, ಏಕೆಂದರೆ ಬೇರೆ ಏನನ್ನು ಕೇಳಬಹುದೆಂಬುದೇ ಅವನಿಗೆ ತಿಳಿಯದು. ವಿತರಕನು ಠೇವಣಿಯನ್ನು ಪೈಸೆ ಪೈಸೆ ಹಿಂದಿರುಗಿಸಿ ರಸೀತಿ ಪಡೆಯುತ್ತಾನೆ. ಕೇಳಿದಷ್ಟನ್ನು ಕೊಟ್ಟದ್ದಾಯಿತು. ಉಳಿದುದರ ಲೆಕ್ಕವೇನು?

ಈ ಲೆಕ್ಕ ಕೇವಲ ಧರ್ಮಶಾಸ್ತ್ರದ ಕಲ್ಪನೆಯೆಂದು ಯಾರೂ ತಿಳಿಯದಿರಲಿ. ಯೂರೋಪಿನ ರಾಷ್ಟ್ರಗಳ ಒಕ್ಕೂಟವು 1986ನೆಯ ಇಸವಿಯಲ್ಲಿಯೇ ವಾಣಿಜ್ಯ ಏಜೆಂಟರ ವಿಷಯದಲ್ಲಿ ಒಂದು ನಿರ್ದೇಶವನ್ನು ಹೊರಡಿಸಿತು. ಅದರಂತೆ ಮೊದಲನೆಯ ವರ್ಷದಲ್ಲಿ ಒಂದು ತಿಂಗಳು, ಎರಡನೆಯ ವರ್ಷದಲ್ಲಿ ಎರಡು ತಿಂಗಳು, ಮೂರನೆಯ ವರ್ಷದಿಂದ ಮುಂದಕ್ಕೆ ಮೂರು ತಿಂಗಳು ನೋಟೀಸು ಕೊಡತಕ್ಕದ್ದು. ಇದಕ್ಕಿಂತ ಕಡಿಮೆಗೆ ಒಪ್ಪಿಕೊಳ್ಳುವಂತಿಲ್ಲ. ಏಜೆಂಟನು ತಂದುಕೊಟ್ಟ ಗಿರಾಕಿಗಳಿಂದ ಯಜಮಾನನಿಗೆ ಮುಂದೆಯೂ ಲಾಭ ಬರುತ್ತಿದ್ದರೆ ಅದಕ್ಕೆ ಪ್ರತಿಫಲ ಸಲ್ಲಬೇಕು. ಈ ಕ್ರಮದಲ್ಲಿ ಸಲ್ಲುವ ಮೊತ್ತದ ಮೇಲ್ಮಿತಿ ಒಂದು ವರ್ಷದ ಸರಾಸರಿ ಗಳಿಕೆ. ಅಮೆರಿಕವು 1956ರಲ್ಲಿಯೇ ಮೋಟಾರು ಡೀಲರರಿಗಾಗಿ ಒಂದು ಪ್ರತ್ಯೇಕ ಕಾನೂನು ಮಾಡಿ, ಡೀಲರನನ್ನು ತೆಗೆಯುವಾಗ ಕಾರು ಕಂಪನಿಯು ಸದ್ಭಾವದಿಂದ ನಡೆದುಕೊಳ್ಳದಿದ್ದರೆ ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನು ಅವನಿಗೆ ಕೊಟ್ಟಿತು. ಭಾರತದಲ್ಲಿ ಜನರಲ್ ಮೋಟಾರ್ಸ್ 2017ರಲ್ಲಿ ತನ್ನ ಕಾರುಗಳ ಮಾರಾಟವನ್ನು ನಿಲ್ಲಿಸಿದಾಗ, ಫೋರ್ಡ್ 2021ರಲ್ಲಿ ಇಲ್ಲಿಯ ತಯಾರಿಕೆಯನ್ನು ನಿಲ್ಲಿಸುವುದಾಗಿ ಸಾರಿದಾಗ, ಡೀಲರರ ಸಂಘವು ಇಂಥದೇ ಒಂದು ರಕ್ಷಣೆಯ ಕಾನೂನು ಬೇಕೆಂದು ಕೇಳಿತು. ದೊಡ್ಡ ನಗರಗಳ ಡೀಲರರಿಗೇ ಹೀಗಾದರೆ ಅವರ ಕೆಳಗಿನ ತಾಲ್ಲೂಕು ಏಜೆಂಟನ ಪಾಡನ್ನು ಊಹಿಸಬಹುದು. ಕಂಪನಿಯಿಂದ ಅನ್ಯಾಯವಾಯಿತೆಂದು ಮೇಲೆ ನೋಡಿ ಕೂಗುವ ವಿತರಕನು, ತನ್ನ ಏಜೆಂಟನಿಗೆ ಅದನ್ನೇ ಮಾಡುವಾಗ ಕೆಳಗೆ ನೋಡುವುದನ್ನು ಮರೆಯಬಾರದು.

ಕ್ಷೇತ್ರದ ಎಲ್ಲೆಯ ಪ್ರಶ್ನೆಗೆ ಬಂದರೆ, ದಿಗ್ವ್ರತವು ನೆನಪಾಗದಿರದು. ಇಂಥ ದಿಕ್ಕಿನಲ್ಲಿ ಇಷ್ಟು ದೂರ, ಅದರಾಚೆಗೆ ಹೋಗೆನು, ವ್ಯವಹರಿಸೆನು ಎಂದು ಗೃಹಸ್ಥನು ತನಗೆ ತಾನೇ ಎಳೆದುಕೊಳ್ಳುವ ಗೆರೆ ಅದು. ಅದರ ಅತಿಚಾರಗಳಲ್ಲಿ ಲೋಭದಿಂದ ಎಲ್ಲೆಯನ್ನು ಹಿಗ್ಗಿಸಿಕೊಳ್ಳುವ ಕ್ಷೇತ್ರವೃದ್ಧಿ ಒಂದು. ಎಳೆದ ಗೆರೆಯನ್ನು ಮರೆತುಬಿಡುವ ಸ್ಮೃತ್ಯಂತರಾಧಾನ ಇನ್ನೊಂದು. ಮರೆವು ಸಹ ದೋಷವೆಂದುದರಲ್ಲಿ ಆಳವಾದ ಅನುಭವವಿದೆ. ಮನುಷ್ಯನು ತನಗೆ ಅನುಕೂಲವಾದ ಎಲ್ಲೆಯನ್ನು ಎಂದೂ ಮರೆಯುವುದಿಲ್ಲ. ಕರಾರಿನಲ್ಲಿ ಎಲ್ಲೆಯನ್ನು ಎಳೆಯುವುದು ಎದುರಿನವನಿಗಾಗಿ. ವ್ರತದಲ್ಲಿ ಎಳೆಯುವುದು ತನಗಾಗಿ. ಸಿಂಧನೂರು, ಲಿಂಗಸುಗೂರು ಏಜೆಂಟನ ಕ್ಷೇತ್ರವೆಂದು ಬರೆದಾಗ, ಅವನು ಹೊರಗೆ ಹೋಗಬಾರದೆಂಬುದು ಎಷ್ಟು ನಿಜವೋ, ಇವನು ಒಳಗೆ ಬರಬಾರದೆಂಬುದೂ ಅಷ್ಟೇ ನಿಜ. ಆ ಗೆರೆಯನ್ನು ವಿತರಕನು ತನ್ನ ವ್ರತದ ಗೆರೆಯೆಂಬಂತೆ ನೋಡಿದ್ದರೆ, ಸರಕಾರವು ಆಡಳಿತದ ಅನುಕೂಲಕ್ಕಾಗಿ ಹೊಸ ತಾಲ್ಲೂಕನ್ನು ರಚಿಸಿದುದನ್ನೇ ನೆಪ ಮಾಡಿಕೊಂಡು ಮಸ್ಕಿಯನ್ನು ಕಳಚಿಕೊಳ್ಳುವ ಯೋಚನೆ ಅವನಿಗೆ ಹೊಳೆಯುತ್ತಿರಲಿಲ್ಲ. ಸಹಿ ಹಾಕಿದ ದಿನ ಇಬ್ಬರ ಮನಸ್ಸಿನಲ್ಲಿಯೂ ಮಸ್ಕಿ ಒಳಗೇ ಇದ್ದಿತು. ಗಜೆಟ್ಟಿನಲ್ಲಿ ಗಡಿ ಬದಲಾಗಬಹುದು. ಕೊಟ್ಟ ಮಾತಿನ ಅರ್ಥ ಬದಲಾಗುವುದಿಲ್ಲ.

ಹಾಗೆಂದು ಏಜೆಂಟನು ಚಿಕ್ಕವನು, ಆದುದರಿಂದ ನಿರ್ದೋಷಿ ಎಂದು ತೀರ್ಮಾನಿಸುವುದು ಕರುಣೆಯ ದುರುಪಯೋಗ. ಶ್ರೇಯಸ್ಸು ದೊಡ್ಡವರಿಗೆ ಮಾತ್ರ ಮೀಸಲಲ್ಲವೆಂದು ಮಸ್ಕಿಯ ಬಂಡೆ ಹೇಳುವುದಾದರೆ, ಅದರ ಹೊಣೆಯೂ ದೊಡ್ಡವರಿಗೆ ಮಾತ್ರ ಮೀಸಲಲ್ಲ. ಗಂಗಾವತಿಯಲ್ಲಿ ಗಾಡಿ ಮಾರಿದ ಏಜೆಂಟನು ಅಲ್ಲಿಯ ಇನ್ನೊಬ್ಬ ಏಜೆಂಟನ ಅನ್ನಕ್ಕೆ ಕೈಹಾಕಿದನು. ಅವನ ಪಾಲಿಗೂ ಅದು ಕ್ಷೇತ್ರವೃದ್ಧಿಯೇ. “ಗಿರಾಕಿ ತಾನಾಗಿ ಬಂದನು” ಎಂಬ ಸಮಾಧಾನವು ನಿಜವೋ ನೆಪವೋ ಎಂಬುದನ್ನು ಅವನ ಅಂತಃಕರಣವೇ ಬಲ್ಲುದು. ಅದಕ್ಕಿಂತ ದೊಡ್ಡದು ಮುಂಗಡ ಹಣದ ಪ್ರಶ್ನೆ. ವಿತರಕನಿಂದ ಬರಬೇಕಾದ ಕಮಿಷನ್ ಬರಲಿಲ್ಲವೆಂದು ಗಿರಾಕಿಗಳ ಹಣವನ್ನು ತಡೆಹಿಡಿಯುವುದು, ಗಾಡಿಯ ಕಾಗದಪತ್ರಗಳನ್ನು ಕೊಡದಿರುವುದು, ಷೋರೂಮಿಗೆ ಬೀಗ ಹಾಕಿ ಬಿಡಿಭಾಗಗಳನ್ನು ಒಳಗೇ ಇಟ್ಟುಕೊಳ್ಳುವುದು, ಇವೆಲ್ಲ ಇಂಥ ಜಗಳಗಳಲ್ಲಿ ಕಾಣುವ ಅಸ್ತ್ರಗಳು. ತನಗೆ ಸಲ್ಲಬೇಕಾದುದು ಸಲ್ಲುವವರೆಗೆ ಯಜಮಾನನ ಸರಕನ್ನು ಇಟ್ಟುಕೊಳ್ಳುವ ಹಕ್ಕನ್ನು 221ನೆಯ ಕಲಮು ಏಜೆಂಟನಿಗೆ ಕೊಟ್ಟಿದೆ, ನಿಜ. ಆದರೆ ಗಿರಾಕಿಯ ನಂಬಿಕೆಯನ್ನು ಒತ್ತೆಯಿಟ್ಟುಕೊಳ್ಳುವ ಹಕ್ಕನ್ನು ಯಾವ ಕಲಮೂ ಕೊಟ್ಟಿಲ್ಲ. ಮಧುರೆಯ ಸದರ್ನ್ ರೋಡ್‌ವೇಸ್ ಸಾರಿಗೆ ಕಂಪನಿಯ ಮದರಾಸಿನ ಏಜೆಂಟನು ಏಜೆನ್ಸಿ ರದ್ದಾದ ಮೇಲೆಯೂ ಕಂಪನಿಯ ಗೋದಾಮನ್ನು ಬಿಡದೆ ಅಡ್ಡಿಮಾಡಿದಾಗ, ಏಜೆಂಟನ ಸ್ವಾಧೀನವೆಂದರೆ ಯಜಮಾನನ ಸ್ವಾಧೀನವೇ ಸರಿ, ಏಜೆನ್ಸಿ ಮುಗಿದ ಮೇಲೆ ಅಲ್ಲಿ ನಿಲ್ಲುವ ಹಕ್ಕು ಅವನಿಗಿಲ್ಲ ಎಂದು ಸುಪ್ರೀಂ ಕೋರ್ಟು 1989ರಲ್ಲಿ ತೀರ್ಪಿತ್ತಿತು. ನ್ಯಾಸಾಪಹಾರವು ಎರಡು ಕಡೆಯಿಂದಲೂ ಸಂಭವಿಸುತ್ತದೆ.

ಕರಾರಿಗೆ ಸಹಿ ಹಾಕದವರ ಮಾತನ್ನು ಇಲ್ಲಿ ಎತ್ತಲೇಬೇಕು. ಮಸ್ಕಿ ಸೀಮೆಯ ರೈತನೊಬ್ಬನು ಭತ್ತ ಮಾರಿದ ಹಣದಲ್ಲಿ ಮುಂಗಡ ಕಟ್ಟಿ, ಮಗಳ ಮದುವೆಯ ಹೊತ್ತಿಗೆ ಗಾಡಿ ಬರುವುದೆಂದು ನಂಬಿರುತ್ತಾನೆ. ತರಬೇತಿ ಪಡೆದ ಮೆಕ್ಯಾನಿಕನು ಬೇರೆ ಊರಿನ ಕೆಲಸವನ್ನು ಒಲ್ಲೆನೆಂದು ಇಲ್ಲಿ ಮನೆಮಾಡಿರುತ್ತಾನೆ. ವಿತರಕನೂ ಏಜೆಂಟನೂ ಒಬ್ಬರಿಗೊಬ್ಬರು ನೋಟೀಸು ಕೊಟ್ಟುಕೊಂಡರು. ಇವರಿಗೆ ನೋಟೀಸು ಕೊಟ್ಟವರು ಯಾರೂ ಇಲ್ಲ. ಗುರಿ ಮುಟ್ಟಲಿಲ್ಲವೆಂಬ ಕಾರಣ ಹೇಳಿ ಏಜ಼ೆಂಟನನ್ನು ತೆಗೆಯುವಾಗ ಆ ಸೀಮೆಯ ಸ್ಥಿತಿಯನ್ನೂ ನೋಡಬೇಕು. 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟವು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋಗಿ, ಕಾಲುವೆಯನ್ನೇ ನಂಬಿದ ಸೀಮೆಯೆಲ್ಲ ಉಸಿರು ಬಿಗಿಹಿಡಿದು ಕುಳಿತಿತು. ಇಂಥ ವರ್ಷದಲ್ಲಿ ಗುರಿ ಮುಟ್ಟದಿರುವುದನ್ನು ಕರಾರುಭಂಗವೆಂದು ಬರೆಯಬಹುದು. ಬರೆದ ಮಾತು ಅಕ್ಷರಶಃ ಸರಿಯಾಗಿಯೂ ಇರಬಹುದು. ಆದರೆ ಶಾಖೆ ತೆರೆಯುವ ನಿಶ್ಚಯವನ್ನು ಮೊದಲೇ ಮಾಡಿ, ಆಮೇಲೆ ಕಾರಣ ಹುಡುಕಿ ಹೊರಟವನು ಹಾಗೆ ಬರೆದರೆ, ಅದು ಕೂಟಲೇಖದ ನೆರೆಮನೆಯವನ ಕೆಲಸ.

ಜಗಳ ಹತ್ತಿದ ಮೇಲೆ ಅದು ಸಾಗುವ ಹಾದಿಯನ್ನೂ ಕರಾರೇ ಮೊದಲು ಗೊತ್ತುಮಾಡಿರುತ್ತದೆ. ಐ.ಬಿ.ಪಿ. ಕಂಪನಿಯ ಎಣ್ಣೆ ಮಾರುತ್ತಿದ್ದ ಜಯಪುರದ ಏಜೆಂಟ ಸಂಸ್ಥೆಯೊಂದು ಮಾರಾಟವಾಗದ ಸರಕಿನ ವ್ಯಾಜ್ಯವನ್ನು ತನ್ನ ಊರಿನ ಕಡೆಯೇ ನಡೆಸಬಯಸಿತು. ಕರಾರಿನಲ್ಲಿ ಕಲ್ಕತ್ತೆಯ ನ್ಯಾಯಾಲಯದ ಹೆಸರಿದ್ದುದರಿಂದ ಅಲ್ಲಿಗೇ ಹೋಗಬೇಕೆಂದು 2013ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ವ್ಯಾಜ್ಯದ ಫಲದಲ್ಲಿ ಹಿತಾಸಕ್ತಿಯುಳ್ಳವನು ತಾನೊಬ್ಬನೇ ಮಧ್ಯಸ್ಥಗಾರನನ್ನು ನೇಮಿಸಕೂಡದೆಂದು ಅದೇ ನ್ಯಾಯಾಲಯ 2019ರಲ್ಲಿ ಸ್ಪಷ್ಟಪಡಿಸಿದುದು ಚಿಕ್ಕವರಿಗೆ ಒಂದು ಆಸರೆ. ಆದರೂ ದೂರದ ನಗರಕ್ಕೆ ಅಲೆದು ವರ್ಷಗಟ್ಟಲೆ ಹೋರಾಡಿ ಗೆದ್ದವನಿಗೆ ದೊರೆಯುವುದು ಮೂವತ್ತು ದಿನಗಳ ಕಮಿಷನ್ ಮಾತ್ರವಾದರೆ, ಅವನು ಹೋರಾಡನೆಂಬುದನ್ನು ಎದುರು ಪಕ್ಷ ಬಲ್ಲುದು. ಎದುರಿನವನ ಅಶಕ್ತಿಯನ್ನು ಲೆಕ್ಕಹಾಕಿ ಚಲಾಯಿಸಿದ ಹಕ್ಕಿನಲ್ಲಿ ಹಿಂಸೆಯ ಅಂಶವಿಲ್ಲವೆನ್ನುವುದು ಕಷ್ಟ.

ಹಾಗಾದರೆ ಮಾಡತಕ್ಕದ್ದೇನು? ಮುಗಿಸಬೇಕೆನ್ನುವವನು ನಿಜವಾದ ಕಾರಣವನ್ನು ನೋಟೀಸಿಗೆ ಮುಂಚೆ ಎದುರು ಕುಳಿತು ಹೇಳಲಿ. ಸ್ವಂತ ಶಾಖೆ ತೆರೆಯುವ ಆಸೆಯಿದ್ದರೆ ಆಸೆಯೆಂದೇ ಹೇಳಲಿ. ಕರಾರು ಮೂವತ್ತು ದಿನವೆಂದರೂ, ತನ್ನ ಮಾತನ್ನು ನಂಬಿ ಮಾಡಿದ ಸಾಲ, ಹಿಡಿದ ಬಾಡಿಗೆ ತೀರುವ ದಾರಿ ಕಾಣುವಷ್ಟು ಕಾಲಾವಕಾಶ ಕೊಡಲಿ. ಒಂದು ಸುಗ್ಗಿಯಾದರೂ ಕಳೆಯಲಿ. ಏಜೆಂಟನು ತಂದ ಗಿರಾಕಿಗಳಿಗೆ ಬೆಲೆ ಕಟ್ಟಿ, ಅವನು ಕೇಳದಿದ್ದರೂ ಕೊಡಲಿ. ಮೆಕ್ಯಾನಿಕರನ್ನು ಹೊಸ ಶಾಖೆಗೆ ತೆಗೆದುಕೊಳ್ಳಲಿ. ಏಜೆಂಟನು ಮುಂಗಡಗಳ ಲೆಕ್ಕವನ್ನು ಮೊದಲ ದಿನವೇ ಒಪ್ಪಿಸಲಿ. ಎಲ್ಲೆ ಮೀರಿ ಮಾರಿದ ಗಾಡಿಗಳ ಕಮಿಷನ್ನನ್ನು ಸಲ್ಲಬೇಕಾದವನಿಗೆ ಸಲ್ಲಿಸಲಿ. ಇವುಗಳಲ್ಲಿ ಒಂದನ್ನೂ ನ್ಯಾಯಾಲಯವು ಬಲವಂತದಿಂದ ಮಾಡಿಸದಿರಬಹುದು. ಬಲವಂತವಿಲ್ಲದೆ ಮಾಡಬೇಕಾದುದರಿಂದಲೇ ಅವು ನಿಯಮವೆನಿಸುತ್ತವೆ.

ಉಪವಾಸದ ದಿನ ಊಟವನ್ನು ಬಿಡುವುದಕ್ಕೆ ಯಾರ ಆಜ್ಞೆಯೂ ಬೇಕಿಲ್ಲ. ಮುಂದೆ ಬಡಿಸಿದ ತಟ್ಟೆಯ ಮೇಲೆ ತನಗೆ ಪೂರ್ಣ ಹಕ್ಕಿದ್ದರೂ ಕೈ ಹಿಂದೆ ತೆಗೆಯುವುದೇ ಅದರ ಸಾರ. ಅಂಗಡಿಯ ಗಲ್ಲಾದ ಮುಂದೆ ಕುಳಿತವನಿಗೂ ಇಂಥ ಸಂದರ್ಭಗಳು ಬರುತ್ತವೆ. ಕರಾರಿನ ಮೂವತ್ತು ದಿನಗಳು ಅವನ ಹಕ್ಕು. ಆ ಹಕ್ಕಿನಲ್ಲಿ ಎಷ್ಟನ್ನು ಬಿಟ್ಟುಕೊಡಬಲ್ಲನೆಂಬುದನ್ನು ಅವನ ಪರವಾಗಿ ಯಾವ ವಕೀಲನೂ ಬರೆದುಕೊಡಲಾರನು. ಅದನ್ನು ಅವನೇ ನಿಶ್ಚಯಿಸಬೇಕು.